ಪಾಚಿಯಲ್ಲಿ ಎಣ್ಣೆಯುಂಟು, ತೆಗೆಯುವುದೇ ಕಷ್ಟ

ಪಾಚಿಯಿಂದ ಡೀಸೆಲ್ ಎಂಬ ಸುದ್ದಿ ಕಚ್ಚಾತೈಲ ದುಬಾರಿಯಾದಾಗಲೆಲ್ಲ ಎದ್ದು ಕೂರುತ್ತದೆ, ತೈಲ ಅಗ್ಗವಾದೊಡನೆ ಮತ್ತೆ ಮಲಗುತ್ತದೆ. ಸೂಕ್ಷ್ಮಪಾಚಿಯ ಕೊಬ್ಬನ್ನು ಬಳಸುವ ಯೋಚನೆ ಜರ್ಮನಿಯಲ್ಲಿ 1942ರಲ್ಲೇ ಮೂಡಿತ್ತು. ಅದಕ್ಕೆ ಸರ್ಕಾರದ ದುಡ್ಡು ಹರಿದುಬಂದದ್ದು ಮಾತ್ರ 1973ರ ತೈಲ ಬಿಕ್ಕಟ್ಟಿನ ಬಳಿಕ.

1978ರಲ್ಲಿ ಅಮೆರಿಕದ ಇಂಧನ ಇಲಾಖೆ ಶುರುಮಾಡಿದ ಯೋಜನೆ 18 ವರ್ಷ ನಡೆಯಿತು. ಖರ್ಚಾದದ್ದು ಸುಮಾರು 2.5 ಕೋಟಿ ಡಾಲರ್. ಸಂಶೋಧಕರು 3,000ಕ್ಕೂ ಹೆಚ್ಚು ತಳಿಗಳನ್ನು ಕಲೆಹಾಕಿ, ಸೋಸಿ ಸೋಸಿ ಸುಮಾರು 300 ಉಳಿಸಿಕೊಂಡರು. ನೈಟ್ರೋಜನ್ ಕೊಡದೆ ಉಪವಾಸ ಕೆಡವಿದರೆ ಪಾಚಿ ಮೈತುಂಬ ಎಣ್ಣೆ ಕೂಡಿಡುತ್ತದೆ ಎಂಬುದು ಆಗಿನ ದೊಡ್ಡ ಆಸೆ. ಅದು ಎಣ್ಣೆ ಕೂಡಿಟ್ಟಿದ್ದೂ ನಿಜ, ಆದರೆ ಬೆಳೆಯುವುದನ್ನೇ ನಿಲ್ಲಿಸಿತು. ಹೀಗಾಗಿ ಒಟ್ಟು ಇಳುವರಿ ಇದ್ದಲ್ಲೇ ಉಳಿಯಿತು. ನ್ಯೂ ಮೆಕ್ಸಿಕೊದ ರಾಸ್‌ವೆಲ್‌ನಲ್ಲಿ 1,000 ಚದರ ಮೀಟರಿನ ತೆರೆದ ಕೊಳಗಳನ್ನು ಕಟ್ಟಿದರು. ಹಗಲಿನ ಬಿಸಿಲು ಧಾರಾಳವಾಗಿತ್ತು, ರಾತ್ರಿಯ ಚಳಿ ಬೆಳೆಯನ್ನು ಕುಗ್ಗಿಸಿತು. ಪ್ರಯೋಗಾಲಯದಲ್ಲಿ ಮುದ್ದಾಗಿ ಸಾಕಿದ ತಳಿಗಳನ್ನು ಅಲ್ಲಲ್ಲಿನ ಕಾಡುಪಾಚಿಗಳು ಕೊಳದಿಂದ ಓಡಿಸಿದವು. 1996ರಲ್ಲಿ ಯೋಜನೆಗೆ ತೆರೆಬಿತ್ತು. ಆಗ ಕಚ್ಚಾತೈಲ ಬ್ಯಾರೆಲ್ಲಿಗೆ 20 ಡಾಲರ್ ಆಸುಪಾಸಿನಲ್ಲಿತ್ತು.

ಬೆಳೆಸುವ ಕತೆ ಇಷ್ಟು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು, ಭರವಸೆಯ ಭಾಷಣಗಳು ಒಂದೇ ಉಸಿರಿನಲ್ಲಿ ದಾಟಿಬಿಡುವ ಮುಂದಿನ ಹಂತ: ಎಣ್ಣೆ ಹೊರತೆಗೆಯುವುದು.

ತೆರೆದ ಕೊಳದಲ್ಲಿ ಲೀಟರ್ ನೀರಿಗೆ ಅರ್ಧ ಗ್ರಾಂನಷ್ಟು ಪಾಚಿ ಎಂದುಕೊಳ್ಳಿ. ಒಂದು ಕಿಲೋ ಒಣಪಾಚಿಗೆ 2,000 ಲೀಟರ್ ನೀರು ಸೋಸಬೇಕು. ಕೋಶಗಳೋ ಕೆಲವೇ ಮೈಕ್ರಾನ್ ಗಾತ್ರದವು. ಜರಡಿಗೂ ಸಿಗವು, ತಾವಾಗಿ ತಳಕ್ಕೂ ಇಳಿಯವು. ಒಂದಕ್ಕೊಂದು ಅಂಟಿ ಗಂಟುಗಟ್ಟುವಂತೆ ಮಾಡಿ, ತೇಲಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೂ ಸಿಗುವುದು ಒಂದು ಪಾಲು ಪಾಚಿ, ನಾಲ್ಕು ಪಾಲು ನೀರಿರುವ ಹಸಿರು ಮುದ್ದೆ. ಆ ನಾಲ್ಕು ಕಿಲೋ ನೀರನ್ನು ಆವಿ ಮಾಡಲು ಕನಿಷ್ಠ 9 ಮೆಗಾಜೂಲ್ ಶಾಖ ಬೇಕು. ಪಾಚಿಯಲ್ಲಿ ಕಾಲುಭಾಗ ಎಣ್ಣೆಯಿದ್ದರೆ ಅದನ್ನು ಉರಿಸಿದಾಗ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಮೂಗಿಗಿಂತ ಮೂಗುತಿ ಭಾರ.

ಒಣಗಿಸದೆ, ಎಣ್ಣೆಯನ್ನು ಕರಗಿಸಿಕೊಳ್ಳುವ ಹೆಕ್ಸೇನ್ ದ್ರಾವಕ ಸುರಿದರೆ? ಕೋಶದ ಸುತ್ತಲಿನ ನೀರು ದ್ರಾವಕವನ್ನು ಒಳಗೆ ಬಿಡದು. ನ್ಯಾನೊಕ್ಲೊರಾಪ್ಸಿಸ್‌ನಂಥ ತಳಿಗಳ ಗೋಡೆ ಬಲು ಗಟ್ಟಿ. ಸಣ್ಣ ಮಣಿಗಳು ತುಂಬಿದ ಗಿರಣಿಯಲ್ಲಿ ಅರೆದೋ, ಶ್ರವಣಾತೀತ ಧ್ವನಿಯಿಂದಲೋ, ವಿದ್ಯುತ್ ಮಿಡಿತದಿಂದಲೋ ಅದನ್ನು ಒಡೆಯಬೇಕು. ಒಡೆದಾಗ ಎಣ್ಣೆಯೊಂದೇ ಬರುವುದಿಲ್ಲ. ಪ್ರೋಟೀನು, ಪತ್ರಹರಿತ್ತು ಎಲ್ಲವೂ ಬೆರೆತು ಬೇರ್ಪಡದ ನೊರೆರಾಡಿಯಾಗುತ್ತದೆ. ಅನಿಲವೂ ಅಲ್ಲದ, ದ್ರವವೂ ಅಲ್ಲದ ಸೂಪರ್‌ಕ್ರಿಟಿಕಲ್ ಸ್ಥಿತಿಯ ಕಾರ್ಬನ್ ಡೈಆಕ್ಸೈಡನ್ನು ದ್ರಾವಕವಾಗಿ ಬಳಸಿದರೆ ಅದು ಶುದ್ಧ ಎಣ್ಣೆ ಕೊಡುತ್ತದೆ, ಆದರೆ ವಾತಾವರಣಕ್ಕಿಂತ ನೂರಾರು ಪಟ್ಟು ಒತ್ತಡ ಕೇಳುತ್ತದೆ. ದುಬಾರಿ ಒಮೆಗಾ-3ಕ್ಕೆ ಅದು ಸರಿ, ಟ್ಯಾಂಕಿಗೆ ಸುರಿಯುವ ಇಂಧನಕ್ಕೆ ಕಷ್ಟ.

2008ರ ಜುಲೈನಲ್ಲಿ ಕಚ್ಚಾತೈಲ 147 ಡಾಲರ್ ಮುಟ್ಟಿದಾಗ ಇದೆಲ್ಲ ಮರೆತುಹೋಯಿತು. ಹೆಕ್ಟೇರಿಗೆ ತಾಳೆಗಿಂತ ಹತ್ತಾರು ಪಟ್ಟು ಎಣ್ಣೆ ಎಂಬ ಕಾಗದದ ಲೆಕ್ಕ ಎಲ್ಲರ ಬಾಯಲ್ಲಿತ್ತು. 2009ರಲ್ಲಿ ಒಂದೇ ಒಪ್ಪಂದಕ್ಕೆ 60 ಕೋಟಿ ಡಾಲರ್‌ವರೆಗೆ ಹೂಡುವ ಘೋಷಣೆಯೂ ಬಂತು. 2023ರ ಹೊತ್ತಿಗೆ ಆ ಪ್ರಯತ್ನ ನಿಂತಿತ್ತು. ಪಾಚಿ ಇಂಧನಕ್ಕಿಳಿದಿದ್ದ ಬೇರೆ ಹಲವರು ಅದಕ್ಕೂ ಮೊದಲೇ ಮೀನಿನ ಮೇವು, ಪೂರಕ ಆಹಾರ, ಸೌಂದರ್ಯವರ್ಧಕಗಳತ್ತ ಹೊರಳಿದ್ದರು. ನಡುವೆ 2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿ ಒಂದು ಎಚ್ಚರಿಕೆ ಕೊಟ್ಟಿತ್ತು: ಆಗಿನ ತಂತ್ರಜ್ಞಾನದಲ್ಲಿ ಆ ದೇಶದ ಸಾರಿಗೆ ಇಂಧನದ ಶೇ 5ರಷ್ಟನ್ನು ಪಾಚಿಯಿಂದ ಪಡೆಯಲು ಹೊರಟರೂ ನೀರು, ಶಕ್ತಿ, ಗೊಬ್ಬರಗಳ ಹೊರೆ ತಾಳಲಾಗದಷ್ಟಾಗುತ್ತದೆ.

ಈಗಿನ ಆಸೆ ಇನ್ನೊಂದು ದಾರಿಯ ಮೇಲಿದೆ. ಎಣ್ಣೆಯನ್ನು ಬೇರೆ ಮಾಡುವ ಗೋಜೇ ಬೇಡ, ಹಸಿಮುದ್ದೆಯನ್ನೇ ಸುಮಾರು 300–350 ಡಿಗ್ರಿಯಲ್ಲಿ ಭಾರೀ ಒತ್ತಡಕ್ಕೆ ಸಿಲುಕಿಸಿ ಜೈವಿಕ ಕಚ್ಚಾತೈಲ ಮಾಡುವುದು. ಒಣಗಿಸುವ ಖರ್ಚು ಉಳಿಯುತ್ತದೆ; ಇದು ಸಣ್ಣ ಗೆಲುವೇನಲ್ಲ. ಆದರೆ ಪ್ರೋಟೀನಿನ ನೈಟ್ರೋಜನ್ ಕೂಡ ತೈಲಕ್ಕೆ ಸೇರಿಬಿಡುತ್ತದೆ. ಅದನ್ನು ತೆಗೆಯಲು ಹೈಡ್ರೋಜನ್ ಬೇಕು, ಆ ಹೈಡ್ರೋಜನ್ ಇಂದು ಬಹುಪಾಲು ಬರುತ್ತಿರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ.