ನಾರ್ಮಂಡಿಯ ದಾಳಿಗೆ ಹುಣ್ಣಿಮೆಯ ಲೆಕ್ಕ

1944ರ ಜೂನ್ 6 ನಮ್ಮ ಪಂಚಾಂಗದ ಪ್ರಕಾರ ಜ್ಯೇಷ್ಠ ಮಾಸದ ಹುಣ್ಣಿಮೆ, ಅಂದರೆ ಕಾರಹುಣ್ಣಿಮೆ. ನಮ್ಮ ಹಳ್ಳಿಗಳಲ್ಲಿ ಎತ್ತುಗಳಿಗೆ ಬಣ್ಣ ಬಳಿದು, ಕೊಂಬಿಗೆ ಗೊಂಡೆ ಕಟ್ಟಿ, ಕರಿ ಹರಿಯುವ ದಿನ. ಎರಡನೇ ಮಹಾಯುದ್ಧದ ನಡುವೆ, ಅದೇ ದಿನ ಬೆಳಗಿನ ಜಾವ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡಾದ ಪಡೆಗಳು ಕಡಲಿನಿಂದ ದಂಡೆಗೆ ಇಳಿದವು. ಆ ಒಂದು ದಿನದಲ್ಲಿ ಹಡಗು ಮತ್ತು ವಿಮಾನಗಳಿಂದ ಇಳಿದವರ ಸಂಖ್ಯೆ ಸುಮಾರು 1,56,000. ಇಷ್ಟು ದೊಡ್ಡ ದಾಳಿ ಹುಣ್ಣಿಮೆಯಂದೇ ನಡೆದದ್ದು ಆಕಸ್ಮಿಕವೇನಲ್ಲ. ಸೇನಾಪತಿಗಳು ತಮಗೆ ಒಪ್ಪುವ ದಿನವೊಂದನ್ನು ಆರಿಸಿಕೊಂಡರು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಕಳೆಯುತ್ತ ಹೋಗುವ ಲೆಕ್ಕವಾಗಿತ್ತು. ಭೂಸೇನೆ, ನೌಕಾಪಡೆ, ವಾಯುಪಡೆ, ಸ್ಫೋಟಕ ತೆಗೆಯುವ ಎಂಜಿನಿಯರುಗಳು ತಮಗೆ ಆಗದ ದಿನಗಳನ್ನು ಒಬ್ಬೊಬ್ಬರಾಗಿ ಹೊಡೆದು ಹಾಕಿದ ಮೇಲೆ ಕ್ಯಾಲೆಂಡರಿನಲ್ಲಿ ಏನು ಉಳಿಯಿತೋ ಅದೇ ದಾಳಿಯ ದಿನವಾಯಿತು.

ದಿನದ ಪ್ರಶ್ನೆಗೆ ಮುಂಚೆ, ದಾಳಿ ಮಾಡಬೇಕೇ ಎಂಬ ಪ್ರಶ್ನೆಯೇ ಎರಡು ವರ್ಷ ಕಾಡಿತ್ತು. 1942ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಲಂಡನ್ನಿಗೆ ಬಂದು, ಬ್ರಿಟನ್ನಿಗೂ ಫ್ರಾನ್ಸಿಗೂ ನಡುವಿನ ಇಂಗ್ಲಿಷ್ ಕಾಲುವೆ ಎಂಬ ಕಡಲು ದಾಟಿ ನೇರವಾಗಿ ಫ್ರಾನ್ಸಿಗೆ ನುಗ್ಗುವುದೇ ಜರ್ಮನಿಯನ್ನು ಮಣಿಸಲು ಹತ್ತಿರದ ದಾರಿ ಎಂದು ವಾದಿಸಿದರು. ಬ್ರಿಟಿಷರಿಗೆ ಅಷ್ಟು ಆತುರವಿರಲಿಲ್ಲ. 1915ರಲ್ಲಿ ಗ್ಯಾಲಿಪೊಲಿಯ ದಂಡೆಗೆ ಇಳಿದು ಸೋತ ನೆನಪು ಚರ್ಚಿಲ್ ಅವರನ್ನು ಬಿಟ್ಟಿರಲಿಲ್ಲ. ಮೊದಲು ಉತ್ತರ ಆಫ್ರಿಕ, ಆಮೇಲೆ ಇಟಲಿ, ಹೀಗೆ ಮೆಡಿಟರೇನಿಯನ್ ಸುತ್ತಿನಿಂದ ಶತ್ರುವನ್ನು ದುರ್ಬಲಗೊಳಿಸೋಣ ಎಂಬುದು ಅವರ ಮತ್ತು ಸೇನಾ ಮುಖ್ಯಸ್ಥ ಅಲನ್ ಬ್ರೂಕ್ ಅವರ ನಿಲುವು. ಈ ಎಳೆದಾಟದಲ್ಲಿ ಬ್ರಿಟಿಷರದು ಬರೀ ಅಂಜಿಕೆ ಎಂದು ನನಗೆ ಅನಿಸುವುದಿಲ್ಲ. 1942ರಲ್ಲಾಗಲಿ 1943ರಲ್ಲಾಗಲಿ ದಾಳಿಗೆ ಸಾಕಾಗುವಷ್ಟು ದೋಣಿಗಳೇ ಅವರ ಬಳಿ ಇರಲಿಲ್ಲ. ಅವರ ಎಚ್ಚರಿಕೆಗೆ ಆಧಾರವೂ ಇತ್ತು ಎಂಬುದಕ್ಕೆ ದಿಯೆಪ್ ಸಾಕ್ಷಿ.

1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ಸುಮಾರು 6,000 ಸೈನಿಕರು ದಾಳಿ ಮಾಡಿದರು. ಅವರಲ್ಲಿ ಐದು ಸಾವಿರದಷ್ಟು ಮಂದಿ ಕೆನಡಾದವರು. ಅಲ್ಲಿನ ದಂಡೆಯಲ್ಲಿ ಇರುವುದು ಮರಳಲ್ಲ, ಅಲೆಯ ಹೊಡೆತಕ್ಕೆ ನುಣುಪಾಗಿ ಉರುಟಾದ ಗಟ್ಟಿ ಕಲ್ಲುಗಳ ರಾಶಿ. ಇಂಥ ರಾಶಿಯ ಮೇಲೆ ಟ್ಯಾಂಕು ಏರಿದಾಗ ಅದರ ಪಟ್ಟಿಯ ಕೆಳಗೆ ಕಲ್ಲುಗಳು ಉರುಳುತ್ತವೆ, ಟ್ಯಾಂಕು ನಿಂತಲ್ಲೇ ಗುಂಡಿ ತೋಡಿಕೊಳ್ಳುತ್ತದೆ, ಕಲ್ಲುಗಳು ಪಟ್ಟಿಗೂ ಗಾಲಿಗೂ ನಡುವೆ ಸಿಕ್ಕಿಕೊಂಡು ಪಟ್ಟಿಯೇ ಕಳಚಿಬೀಳುತ್ತದೆ. ಹಲವು ಟ್ಯಾಂಕುಗಳು ಹೀಗೆ ದಂಡೆಯಲ್ಲೇ ಉಳಿದವು. ಒಂಬತ್ತು ನೂರಕ್ಕೂ ಹೆಚ್ಚು ಕೆನಡಾದ ಯೋಧರು ಸತ್ತರು, ಸುಮಾರು ಎರಡು ಸಾವಿರ ಮಂದಿ ಸೆರೆಯಾದರು. ಕಾಲಿಡುವ ನೆಲ ಎಂಥದ್ದೆಂದು ತಿಳಿಯದೆ ಇಳಿಯಬಾರದು ಎಂಬುದನ್ನು ಯೋಜಕರು ಇಷ್ಟು ಬೆಲೆ ತೆತ್ತು ಕಲಿತರು.

1943ರ ಆರಂಭದಲ್ಲಿ ಕಾಸಾಬ್ಲಾಂಕಾ ಸಮಾವೇಶದ ನಂತರ ಬ್ರಿಟಿಷ್ ಅಧಿಕಾರಿ ಫ್ರೆಡರಿಕ್ ಮಾರ್ಗನ್ ಅವರಿಗೆ ಯೋಜನೆ ರೂಪಿಸುವ ಹೊಣೆ ಬಂತು. ನಕ್ಷೆ ನೋಡಿದ ಯಾರಿಗಾದರೂ ಮೊದಲು ಕಣ್ಣಿಗೆ ಬೀಳುವುದು ಫ್ರಾನ್ಸಿನ ಕಾಲೇ ಪಟ್ಟಣದ ತೀರ. ಅಲ್ಲಿ ಕಡಲಿನ ಅಗಲ ಕೇವಲ 33 ಕಿಲೋಮೀಟರ್. ಜರ್ಮನರಿಗೂ ಅದು ಗೊತ್ತಿತ್ತು, ಹಾಗಾಗಿ ಅತಿ ಬಲವಾದ ಕೋಟೆಗಳನ್ನು ಅಲ್ಲೇ ಕಟ್ಟಿದ್ದರು. ನಾರ್ಮಂಡಿ ದೂರವಾದರೂ ಬ್ರಿಟನ್ನಿನಿಂದ ಹೊರಟ ಯುದ್ಧವಿಮಾನಗಳ ವ್ಯಾಪ್ತಿಯೊಳಗಿತ್ತು. ಪಶ್ಚಿಮದ ಗಾಳಿಯನ್ನು ಅಲ್ಲಿ ಕೊತಾಂತಾಂ ಪರ್ಯಾಯದ್ವೀಪ ಒಂದಿಷ್ಟು ತಡೆಯುತ್ತಿತ್ತು. ಶೆರ್ಬೂರ್ ಬಂದರು ಕೈಗೆಟಕುವ ದೂರದಲ್ಲಿತ್ತು. ಆಗಸ್ಟ್‌ನಲ್ಲಿ ಕ್ವಿಬೆಕ್ ಸಮಾವೇಶ ಇದನ್ನು ಒಪ್ಪಿತು. ವರ್ಷದ ಕೊನೆಗೆ ಟೆಹರಾನಿನಲ್ಲಿ ಸ್ಟಾಲಿನ್, ಈ ದಾಳಿಯ ಸೇನಾಪತಿ ಯಾರೆಂದು ನೇರವಾಗಿ ಕೇಳಿದಾಗ ಉತ್ತರ ಹೇಳುವವರಿರಲಿಲ್ಲ. ಐಸೆನ್‌ಹೋವರ್ ಅವರ ನೇಮಕವಾದದ್ದು ಅದಾದ ಮೇಲೆ. ಮೂರು ಡಿವಿಷನ್‌ಗಳ ಬಲದ ಮಾರ್ಗನ್ ಯೋಜನೆ ಸಾಲದೆಂದು, ದಾಳಿಯ ಭೂಸೇನೆಯ ನಾಯಕ ಮಾಂಟ್‌ಗೊಮರಿ ಅದನ್ನು ಐದಕ್ಕೆ ಹಿಗ್ಗಿಸಿದರು. ಹಿಗ್ಗಿಸಿದ ಯೋಜನೆಗೆ ದೋಣಿಗಳು ಸಾಲದೆ, ಕಾರ್ಖಾನೆಗಳ ಇನ್ನೊಂದು ತಿಂಗಳ ಉತ್ಪಾದನೆಗಾಗಿ ಮೇ ತಿಂಗಳ ದಾಳಿ ಜೂನ್ ತಿಂಗಳಿಗೆ ಹೋಯಿತು. ದಕ್ಷಿಣ ಫ್ರಾನ್ಸಿನಲ್ಲಿ ಜೊತೆಗೇ ನಡೆಯಬೇಕಿದ್ದ ದಾಳಿ ಆಗಸ್ಟ್ 15ರವರೆಗೆ ಮುಂದಕ್ಕೆ ಬಿತ್ತು.

ಇಲ್ಲಿಂದ ಮುಂದೆ ವಾದ ಕಡಲಿನ ನೀರಿನ ಎತ್ತರದ ಸುತ್ತ ತಿರುಗಿತು.

ನಮ್ಮ ಮಂಗಳೂರು, ಮಲ್ಪೆ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ನಾರ್ಮಂಡಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಅದು ಸುಮಾರು ಆರು ಮೀಟರ್, ಅಂದರೆ ಎರಡು ಮಹಡಿ ಮನೆಯ ಎತ್ತರ. ದಂಡೆಯ ಇಳಿಜಾರು ಅತಿ ಕಡಿಮೆಯಾದ್ದರಿಂದ ಇಳಿತದಲ್ಲಿ ನೀರು ನೂರಾರು ಮೀಟರ್ ಹಿಂದೆ ಸರಿಯುತ್ತದೆ. ಪೂರ್ತಿ ಉಬ್ಬರದಲ್ಲಿ ಇಳಿದರೆ ಸೈನಿಕನು ಬಯಲಿನಲ್ಲಿ ಓಡಬೇಕಾದ ದೂರ ಅಷ್ಟೂ ಕಡಿಮೆಯಾಗುತ್ತದೆ. ಆದ್ದರಿಂದ ಶತ್ರು ಉಬ್ಬರದಲ್ಲೇ ಬರುತ್ತಾನೆಂದು ಜರ್ಮನ್ ಸೇನಾಪತಿ ರೊಮೆಲ್ ಲೆಕ್ಕ ಹಾಕಿದರು. 1944ರ ಮೊದಲ ತಿಂಗಳುಗಳಲ್ಲಿ ಅವರ ಆಳುಗಳು ದಂಡೆಯುದ್ದಕ್ಕೂ ಸಾವಿರಾರು ಮರದ ಕಂಬ, ಉಕ್ಕಿನ ತೊಲೆ, ಕಬ್ಬಿಣದ ಚೌಕಟ್ಟುಗಳನ್ನು ನೆಟ್ಟರು, ಅನೇಕ ಕಂಬಗಳ ತುದಿಗೆ ಸಿಡಿಮದ್ದು ಕಟ್ಟಿದರು. ಉಬ್ಬರದಲ್ಲಿ ನೀರಿನಡಿ ಮುಳುಗಿರುವ ಇವು ಮೇಲೆ ಬಂದ ದೋಣಿಯ ತಳವನ್ನು ಸೀಳಬೇಕು.

ಈ ಕಂಬಗಳು ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕಾಣತೊಡಗಿದಂತೆ ದಾಳಿಯ ಗಳಿಗೆಯೇ ಬದಲಾಯಿತು. ಈಗ ಇಳಿತ ಮುಗಿದು ನೀರು ಏರತೊಡಗಿದ ಕೂಡಲೇ ಇಳಿಯಬೇಕು. ಆಗ ಅಡೆತಡೆಗಳು ಒಣನೆಲದಲ್ಲಿ ಬಯಲಾಗಿರುತ್ತವೆ, ಎಂಜಿನಿಯರುಗಳು ಅವನ್ನು ಸಿಡಿಸಿ ದಾರಿ ಬಿಡಿಸಬಹುದು, ದಂಡೆ ಮುಟ್ಟಿದ ದೋಣಿಗಳನ್ನು ಏರುವ ನೀರು ಎತ್ತಿ ವಾಪಸು ಕಳಿಸುತ್ತದೆ. ಇದಕ್ಕೆ ನೌಕಾಪಡೆ ತನ್ನ ಷರತ್ತು ಸೇರಿಸಿತು: ಹಡಗುಗಳು ಕತ್ತಲಲ್ಲಿ ಕಡಲು ದಾಟಬೇಕು, ಆದರೆ ಇಳಿಯುವ ಮುನ್ನ ಫಿರಂಗಿಗಳಿಗೆ ಗುರಿ ಕಾಣುವಷ್ಟು ಬೆಳಕು ಬೇಕು. ಪ್ಯಾರಾಶೂಟ್ ಪಡೆಗಳಿಗೆ ಹಿಂದಿನ ರಾತ್ರಿ ಬೆಳದಿಂಗಳು ಬೇಕು. ಎಲ್ಲವನ್ನೂ ಕೂಡಿಸಿದರೆ, ಸೂರ್ಯೋದಯದ ಹೊತ್ತಿಗೆ ಇಳಿತವಿರುವ, ರಾತ್ರಿ ಚಂದ್ರನಿರುವ ದಿನ ಬೇಕೆಂದಾಯಿತು. ಪ್ರತಿ ಕರಾವಳಿಗೂ ಹುಣ್ಣಿಮೆ, ಅಮಾವಾಸ್ಯೆಗಳಂದು ಇಳಿತದ ಹೊತ್ತು ಹೆಚ್ಚುಕಡಿಮೆ ಗೊತ್ತಾದದ್ದೇ ಇರುತ್ತದೆ. ನಾರ್ಮಂಡಿಯಲ್ಲಿ ಅದು ಬೆಳಗಿನ ಜಾವಕ್ಕೆ ಕೂಡಿಬರುತ್ತದೆ. ಅಮಾವಾಸ್ಯೆಗೆ ಬೆಳದಿಂಗಳಿಲ್ಲ. ಉಳಿದದ್ದು ಜೂನ್ 5, 6 ಮತ್ತು 7. ತಪ್ಪಿದರೆ ಎರಡು ವಾರ ಕಾದು, ಚಂದ್ರನಿಲ್ಲದಿದ್ದರೂ ಸರಿ ಎಂದು ಜೂನ್ 19ರ ಆಸುಪಾಸಿನಲ್ಲಿ ಹೊರಡಬೇಕು.

ಇಳಿತ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಹೇಳುವವರು ಯಾರು? ಶತ್ರುವಿನ ದಂಡೆಯಲ್ಲಿ ಅಳತೆಗೋಲು ನೆಟ್ಟು ವರ್ಷವಿಡೀ ಬರೆದಿಡಲಾಗದು. ಈ ಕೆಲಸ ಲಿವರ್‌ಪೂಲ್ ಬಳಿಯ ಬಿಡ್‌ಸ್ಟನ್ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿದ್ದ ಆರ್ಥರ್ ಡೂಡ್ಸನ್ ಅವರ ಪಾಲಿಗೆ ಬಂತು. ಮೊದಲ ಮಹಾಯುದ್ಧದಲ್ಲಿ ಮನಸ್ಸಾಕ್ಷಿಯ ಕಾರಣಕ್ಕೆ ಶಸ್ತ್ರ ಹಿಡಿಯಲು ಒಪ್ಪದಿದ್ದ, ಕಿವಿ ಕೇಳಿಸದ ಈ ಗಣಿತಜ್ಞ ಉಬ್ಬರವಿಳಿತದ ಲೆಕ್ಕದಲ್ಲಿ ಅಂದಿನ ಜಗತ್ತಿನ ದೊಡ್ಡ ಪರಿಣತ. 1943ರ ಅಕ್ಟೋಬರ್‌ನಲ್ಲಿ ನೌಕಾಪಡೆಯ ಉಬ್ಬರವಿಳಿತ ವಿಭಾಗದ ವಿಲಿಯಂ ಫಾರ್ಕ್ವಾರ್‌ಸನ್ ಅವರಿಂದ ಡೂಡ್ಸನ್‌ಗೆ ಒಂದು ಕಾಗದ ಬಂತು. ಅದರಲ್ಲಿ ಊರಿನ ಹೆಸರಿಲ್ಲ, ‘ಪೊಸಿಷನ್ ಝಡ್’ ಎಂಬ ಗುಪ್ತನಾಮ ಮಾತ್ರ; ಜೊತೆಗೆ ಹನ್ನೊಂದು ಜೋಡಿ ಅಂಕಿಗಳು. 1944ರ ಏಪ್ರಿಲ್ 1ರಿಂದ ನಾಲ್ಕು ತಿಂಗಳು, ಗಂಟೆ ಗಂಟೆಯ ನೀರಿನ ಮಟ್ಟ ಬೇಕೆಂಬ ಕೋರಿಕೆ.

ಆ ಅಂಕಿಗಳ ಅರ್ಥ ಹೀಗೆ. ಕಡಲಿನ ಏರಿಳಿತವನ್ನು ಹಲವು ಸರಳ ಅಲೆಗಳ ಮೊತ್ತವೆಂದು ಬಿಡಿಸಬಹುದು. ಚಂದ್ರನಿಂದಾಗುವ ಮುಖ್ಯ ಅಲೆಗೆ 12 ಗಂಟೆ 25 ನಿಮಿಷದ ಅವಧಿ, ಸೂರ್ಯನಿಂದಾಗುವುದಕ್ಕೆ ಸರಿಯಾಗಿ 12 ಗಂಟೆ. ಈ ಎರಡೂ ಒಂದರ ಮೇಲೊಂದು ಬಿದ್ದಾಗ ಹುಣ್ಣಿಮೆ, ಅಮಾವಾಸ್ಯೆಗಳ ಭಾರಿ ಉಬ್ಬರ. ಒಂದನ್ನೊಂದು ಕಡಿದುಕೊಂಡಾಗ ಅಷ್ಟಮಿಯ ಹೊತ್ತಿನ ಮಂದ ಉಬ್ಬರ. ಚಂದ್ರ ಹತ್ತಿರ ಬರುವುದು, ದೂರ ಹೋಗುವುದು, ಉತ್ತರಕ್ಕೋ ದಕ್ಷಿಣಕ್ಕೋ ವಾಲುವುದು, ಇವಕ್ಕೆಲ್ಲ ಬೇರೆ ಬೇರೆ ಅಲೆಗಳಿವೆ. ಯಾವ ಅಲೆ ಎಷ್ಟು ದೊಡ್ಡದು, ಎಷ್ಟು ತಡವಾಗಿ ಬರುತ್ತದೆ ಎಂಬ ಜೋಡಿ ಅಂಕಿ ಆಯಾ ತೀರಕ್ಕೆ ವಿಶಿಷ್ಟ. ಕೂಡಿಸುವ ಕೆಲಸ ಹಿತ್ತಾಳೆಯ ಯಂತ್ರದ್ದು. ಒಂದೊಂದು ಅಲೆಗೆ ಒಂದೊಂದು ರಾಟೆ. ಹಲ್ಲುಗಾಲಿಗಳು ಆಯಾ ಅಲೆಯ ವೇಗದಲ್ಲಿ ರಾಟೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತವೆ. ಎಲ್ಲ ರಾಟೆಗಳನ್ನೂ ಬಳಸಿ ಹಾದುಬಂದ ಒಂದೇ ತಂತಿಯ ತುದಿಯಲ್ಲಿ ಒಟ್ಟು ಮೊತ್ತ ಕಾಣುತ್ತದೆ. ಲಾರ್ಡ್ ಕೆಲ್ವಿನ್ 1870ರ ದಶಕದಲ್ಲಿ ರೂಪಿಸಿದ ಈ ಉಪಾಯವನ್ನು ಅನುಸರಿಸಿ 1879ರಲ್ಲಿ ಭಾರತದ ಬಂದರುಗಳ ಲೆಕ್ಕಕ್ಕೆಂದೇ ಒಂದು ಯಂತ್ರವನ್ನು ಲಂಡನ್ನಿನಲ್ಲಿ ಕಟ್ಟಲಾಗಿತ್ತು. ಅದನ್ನು ಕಟ್ಟಿಸಿದ ಎಡ್ವರ್ಡ್ ರಾಬರ್ಟ್ಸ್ ಅವರು ಮುಂದೆ ಮಾಡಿಸಿದ ಇನ್ನೊಂದು ಯಂತ್ರ ಡೂಡ್ಸನ್ ಬಳಿ ಇತ್ತು, ಜೊತೆಗೆ ಕೆಲ್ವಿನ್ ಮಾದರಿಯದೂ ಒಂದಿತ್ತು. ಒಂದೇ ಬಾಂಬಿಗೆ ಎರಡೂ ಹೋಗಬಾರದೆಂದು ಅವನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಇಟ್ಟಿದ್ದರು.

ತೊಡಕು ಇದ್ದದ್ದು ಆ ಹನ್ನೊಂದು ಜೋಡಿಗಳಲ್ಲಿ. ದಂಡೆಗಳ ಎರಡು ಬದಿಯ ಶೆರ್ಬೂರ್ ಮತ್ತು ಲ ಹಾವ್ರ್ ಬಂದರುಗಳಿಗೆ ಒಳ್ಳೆಯ ಅಂಕಿಗಳಿದ್ದವು, ನಡುವಿನ ದಂಡೆಗಳಿಗಿರಲಿಲ್ಲ. ಆಳವಿಲ್ಲದ ನೀರಿನಲ್ಲಿ ಉಬ್ಬರದ ಅಲೆ ತಿರುಚಿಕೊಳ್ಳುತ್ತದೆ, ಏರುವ ವೇಗ ಒಂದು ಬಗೆ, ಇಳಿಯುವ ವೇಗ ಇನ್ನೊಂದು ಬಗೆ. ಫಾರ್ಕ್ವಾರ್‌ಸನ್ ಇದನ್ನು ಊಹಿಸಿ ಬರೆದಿದ್ದರು, ಊಹೆಯೆಂದು ಕಾಗದದಲ್ಲಿ ಒಪ್ಪಿಕೊಂಡಿದ್ದರು ಕೂಡ. ಇಡೀ ಯುದ್ಧದ ಗತಿ ನಿಂತಿದ್ದ ಅಂಕಿಗಳ ಬಗ್ಗೆ ಅಷ್ಟು ಪ್ರಾಮಾಣಿಕವಾಗಿ ಬರೆದ ಆ ಅಧಿಕಾರಿಯ ಮೇಲೆ ನನಗೆ ಬಹಳ ಗೌರವ. ನೀರಿನ ಮಟ್ಟವನ್ನು ತಪ್ಪಾಗಿ ತಿಳಿದರೆ ಏನಾಗುತ್ತದೆಂದು ಮುಂದಿನ ತಿಂಗಳೇ ಪೆಸಿಫಿಕ್ ಸಾಗರ ತೋರಿಸಿತು. ನವೆಂಬರ್ 20ರಂದು ತರಾವಾ ಹವಳದ್ವೀಪದಲ್ಲಿ ನಿರೀಕ್ಷಿಸಿದಷ್ಟು ನೀರು ಏರಲೇ ಇಲ್ಲ. ಅಮೆರಿಕದ ದೋಣಿಗಳು ದಿಬ್ಬಕ್ಕೆ ತಾಗಿ ನಿಂತವು, ಸೈನಿಕರು ಗುಂಡಿನ ಮಳೆಯಲ್ಲಿ ನೂರಾರು ಮೀಟರ್ ನೀರು ತುಳಿದು ನಡೆದರು. ಮೂರು ದಿನಗಳಲ್ಲಿ ಸತ್ತ ಅಮೆರಿಕನ್ನರು ಸುಮಾರು ಸಾವಿರ ಮಂದಿ.

ನೆಲದ ಪರೀಕ್ಷೆಗೆ ಮನುಷ್ಯರೇ ಹೋಗಬೇಕಾಯಿತು. ದಂಡೆಯ ಮರಳಿನಡಿ ಹಳೆಯ ಜೌಗಿನ ಮೆತ್ತನೆ ಪದರ ಇರಬಹುದೆಂದು ವಿಜ್ಞಾನಿಗಳಿಗೆ ಅನುಮಾನ; ಇದ್ದರೆ ಟ್ಯಾಂಕುಗಳು ಹೂತುಹೋಗುತ್ತವೆ. 1943ರ ಡಿಸೆಂಬರ್ 31ರ ರಾತ್ರಿ ಲೋಗನ್ ಸ್ಕಾಟ್-ಬೌಡನ್ ಮತ್ತು ಬ್ರೂಸ್ ಆಗ್ಡನ್-ಸ್ಮಿತ್ ಎಂಬಿಬ್ಬರು ಚಳಿಗಾಲದ ಕಡಲಿನಲ್ಲಿ ಈಜಿ ನಾರ್ಮಂಡಿಯ ದಂಡೆ ಮುಟ್ಟಿದರು. ಜರ್ಮನ್ ಪಹರೆಯ ನಡುವೆ ಹೊಟ್ಟೆಯ ಮೇಲೆ ತೆವಳುತ್ತ, ಬೈರಿಗೆಯಿಂದ ನೆಲ ಕೊರೆದು ಕೊಳವೆಗಳಲ್ಲಿ ಮರಳು ತುಂಬಿಕೊಂಡು ಮರಳಿದರು. ಕೆಲವೆಡೆ ಮೆತ್ತನೆ ಜೇಡಿ ಇರುವುದು ಖಚಿತವಾಯಿತು. ಅಂಥ ಜಾಗಗಳಿಗಾಗಿ, ತನ್ನ ಮುಂದೆ ದಪ್ಪ ಬಟ್ಟೆಯ ಹಾಸು ಬಿಚ್ಚಿ ಹಾಸುತ್ತ ಅದರ ಮೇಲೆಯೇ ಸಾಗುವ ಟ್ಯಾಂಕನ್ನು ಸಿದ್ಧಪಡಿಸಿದರು. ಬಂದರಿಲ್ಲದ ತೀರಕ್ಕೆ ಕಾಂಕ್ರೀಟಿನ ಬಂದರನ್ನೇ ಎಳೆದೊಯ್ಯುವ ಏರ್ಪಾಡೂ ಆಗಿತ್ತು. ಅದರ ಕಟ್ಟೆಗಳು ಉಬ್ಬರವಿಳಿತದೊಡನೆ ಮೇಲೆ ಕೆಳಗೆ ತೇಲಲೇಬೇಕೆಂದು ಚರ್ಚಿಲ್ 1942ರ ಮೇ 30ರಂದೇ ಚೀಟಿ ಬರೆದಿದ್ದರು.

ಚಂದ್ರನ ಲೆಕ್ಕ ತಿಂಗಳುಗಳ ಮೊದಲೇ ಮುಗಿದಿತ್ತು, ಗಾಳಿಯದನ್ನು ಹಾಗೆ ಮುಗಿಸುವಂತಿರಲಿಲ್ಲ. ದಾಳಿಗೆ ಗೊತ್ತುಮಾಡಿದ್ದು ಜೂನ್ 5. ಹವಾಮಾನ ತಂಡಗಳ ನಡುವೆ ಒಮ್ಮತವಿರಲಿಲ್ಲ: ಹಿಂದಿನ ವರ್ಷಗಳ ಹೋಲುವ ನಕ್ಷೆಗಳನ್ನು ನೋಡಿ ಅಮೆರಿಕದ ಇರ್ವಿಂಗ್ ಕ್ರಿಕ್ ಅವರ ತಂಡ ಹೊರಡಬಹುದೆಂದರೆ, ನಾರ್ವೆಯ ಸ್ವೆರೆ ಪೆಟರ್‌ಸನ್ ಮತ್ತು ಬ್ರಿಟನ್ನಿನ ಡಗ್ಲಾಸ್ ಬಿರುಗಾಳಿ ಬರುತ್ತದೆಂದು ಎಚ್ಚರಿಸಿದರು. ಇವರ ನಡುವೆ ಸಿಲುಕಿ ಸೇನಾಪತಿಗೆ ಒಂದೇ ಮಾತು ಹೇಳಬೇಕಾದವರು ಜೇಮ್ಸ್ ಸ್ಟ್ಯಾಗ್. ಐರ್ಲೆಂಡಿನ ಪಶ್ಚಿಮ ಅಂಚಿನ ಬ್ಲಾಕ್‌ಸಾಡ್ ಎಂಬಲ್ಲಿ ಅಂಚೆ ಕಚೇರಿಯ ಕೆಲಸದ ಜೊತೆಗೆ ಹವೆಯ ಅಳತೆಯನ್ನೂ ಬರೆದು ಕಳಿಸುತ್ತಿದ್ದ ಮೌರೀನ್ ಎಂಬ ಯುವತಿಗೆ ಜೂನ್ 3ಕ್ಕೆ 21 ತುಂಬಿತು. ಆ ನಸುಕಿನಲ್ಲಿ ವಾಯುಭಾರಮಾಪಕ ವೇಗವಾಗಿ ಇಳಿಯುತ್ತಿರುವುದನ್ನು ಆಕೆ ದಾಖಲಿಸಿದರು. ಅಳತೆಯನ್ನು ಇನ್ನೊಮ್ಮೆ ನೋಡಿ ಹೇಳಿ ಎಂದು ಇಂಗ್ಲೆಂಡಿನಿಂದ ಫೋನು ಬಂದಾಗ ಏಕೆಂದು ಆಕೆಗೆ ತಿಳಿಯಲಿಲ್ಲ. ದಾಳಿ ಒಂದು ದಿನ ಮುಂದಕ್ಕೆ ಹೋಯಿತು. ಜೂನ್ 4ರ ರಾತ್ರಿ ಪೋರ್ಟ್ಸ್‌ಮತ್ ಬಳಿಯ ಸೌತ್‌ವಿಕ್ ಮನೆಯ ಹೊರಗೆ ಮಳೆ ಸುರಿಯುತ್ತಿದ್ದಾಗ, ಮರುದಿನ ಮಧ್ಯಾಹ್ನದಿಂದ ಸ್ವಲ್ಪ ಹೊತ್ತು ಗಾಳಿ ತಗ್ಗುತ್ತದೆ ಎಂದು ಸ್ಟ್ಯಾಗ್ ಹೇಳಿದರು. ಮಾಂಟ್‌ಗೊಮರಿ ಹೊರಡೋಣ ಎಂದರು, ವಾಯುಪಡೆಯ ಲೀ-ಮ್ಯಾಲರಿ ಹಿಂಜರಿದರು, ಐಸೆನ್‌ಹೋವರ್ ಒಪ್ಪಿದರು. ಅಟ್ಲಾಂಟಿಕ್ ಕಡೆಯ ಅಳತೆಗಳು ಸಾಲದೆ ಈ ಬಿಡುವನ್ನು ಜರ್ಮನರು ಕಾಣಲಿಲ್ಲ. ಇಂಥ ಹವೆಯಲ್ಲಿ ಯಾರೂ ಬರುವುದಿಲ್ಲವೆಂದು ರೊಮೆಲ್ ಹೆಂಡತಿಯ ಹುಟ್ಟುಹಬ್ಬಕ್ಕೆ ಊರಿಗೆ ಹೋಗಿದ್ದರು.

ಉಬ್ಬರ ಪಶ್ಚಿಮದಿಂದ ಪೂರ್ವಕ್ಕೆ ಸಾಗುವುದರಿಂದ ಐದು ದಂಡೆಗಳಿಗೂ ಒಂದೇ ಗಳಿಗೆ ಸಾಧ್ಯವಿರಲಿಲ್ಲ: ಯೂಟಾ ಮತ್ತು ಒಮಾಹಾ ಎಂಬ ಗುಪ್ತನಾಮದ ಪಶ್ಚಿಮದ ಅಮೆರಿಕನ್ ದಂಡೆಗಳಿಗೆ ಬೆಳಿಗ್ಗೆ 6:30, ಪೂರ್ವದ ಬ್ರಿಟಿಷ್ ದಂಡೆಗಳಿಗೆ 7:25. ಲೆಕ್ಕ ಸರಿಯಿದ್ದೂ ಒಮಾಹಾದಲ್ಲಿ ರಕ್ತ ಹರಿಯಿತು. ತೇಲುವಂತೆ ಮಾಡಿದ್ದ 29 ಟ್ಯಾಂಕುಗಳನ್ನು ದೂರದ ಅಲೆಗಳಲ್ಲಿ ಇಳಿಸಿದಾಗ 27 ಮುಳುಗಿದವು. ಅಡೆತಡೆಗಳ ನಡುವೆ 16 ದಾರಿಗಳನ್ನು ಬಿಡಿಸಬೇಕಿದ್ದ ಎಂಜಿನಿಯರುಗಳಿಗೆ, ಗುಂಡೇಟಿನಡಿ ನೀರು ಏರಿ ಬರುವುದರೊಳಗೆ, ಐದಾರನ್ನು ಬಿಡಿಸಲು ಮಾತ್ರ ಆಯಿತು. ಗಂಟೆಗೆ ಒಂದು ಮೀಟರಿಗೂ ಹೆಚ್ಚು ಏರುತ್ತಿದ್ದ ಆ ನೀರು, ದಂಡೆಯಲ್ಲಿ ಗಾಯಗೊಂಡು ಬಿದ್ದವರನ್ನು ಮುಳುಗಿಸುತ್ತ ಬಂತು.

ಎರಡು ವಾರ ಕಾದಿದ್ದರೆ ಎಂಬ ಪ್ರಶ್ನೆಗೆ ಕಡಲೇ ಉತ್ತರ ಕೊಟ್ಟಿತು. ಜೂನ್ 19ರಂದು ಎದ್ದ ಬಿರುಗಾಳಿ 22ರವರೆಗೆ ಬೀಸಿ ಒಮಾಹಾದ ಕಾಂಕ್ರೀಟ್ ಬಂದರನ್ನು ಪುಡಿಮಾಡಿತು. ಪಟ್ಟಿಯಲ್ಲಿ ಉಳಿದಿದ್ದ ಇನ್ನೊಂದು ದಿನ ಅದೇ ಆಗಿತ್ತು. 1988ರಲ್ಲಿ ಒಮಾಹಾದ ದಂಡೆಯಿಂದ ಭೂವಿಜ್ಞಾನಿಗಳು ಒಂದು ಸಣ್ಣ ಸೀಸೆಯಷ್ಟು ಮರಳು ತಂದು ಸೂಕ್ಷ್ಮದರ್ಶಕದಡಿ ನೋಡಿದಾಗ, ಕಣಗಳ ನಡುವೆ ಅಲೆಯ ಉಜ್ಜಾಟಕ್ಕೆ ಅಂಚು ಸವೆದ, ತುಕ್ಕು ಹಿಡಿದ ಲೋಹದ ಚೂರುಗಳು ಕಂಡವು. ಆ ಮಾದರಿಯಲ್ಲಿ ಸಿಡಿಗುಂಡಿನ ಚೂರುಗಳ ಪಾಲು ಶೇಕಡಾ 4ರಷ್ಟಿತ್ತು.