ಸಾಕ್ಷಿಯ ನೆನಪು ಮತ್ತು ಮಂಪರು ಪರೀಕ್ಷೆ

ದೊಡ್ಡ ಅಪರಾಧ ಪ್ರಕರಣವೊಂದು ಸುದ್ದಿಯಾದಾಗಲೆಲ್ಲ ಆರೋಪಿಯನ್ನು ಮಂಪರು ಪರೀಕ್ಷೆಗೆ ಒಳಪಡಿಸಬೇಕೆಂಬ ಒತ್ತಾಯ ಕೇಳಿಬರುತ್ತದೆ. ನಡೆದದ್ದೆಲ್ಲ ಮನಸ್ಸಿನಲ್ಲಿ ಹಾಗೆಯೇ ಉಳಿದಿರುತ್ತದೆ, ಔಷಧ ಕೊಟ್ಟರೆ ಹೊರಬರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಮನೋವಿಜ್ಞಾನ ಈ ನಂಬಿಕೆಯನ್ನು ಬಹಳ ಹಿಂದೆಯೇ ಕೈಬಿಟ್ಟಿದೆ.

1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತಮ್ಮದೇ ಮರೆವಿನ ವೇಗವನ್ನು ಅಳೆದ ಫಲಿತಾಂಶವನ್ನು ಪ್ರಕಟಿಸಿದರು. ಜನ ಕೇಳಿದ ಕಥೆಯನ್ನು ಮತ್ತೆ ಹೇಳುವಾಗ ತಮ್ಮ ಪರಿಚಿತ ಲೋಕಕ್ಕೆ ಒಗ್ಗುವಂತೆ ತಿದ್ದಿಕೊಳ್ಳುತ್ತಾರೆಂದು 1932ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ತೋರಿಸಿದರು.

ನ್ಯಾಯಾಲಯಗಳಿಗೆ ನೇರವಾಗಿ ಸಂಬಂಧಿಸಿದ ಪ್ರಯೋಗ 1974ರದು. ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 45 ವಿದ್ಯಾರ್ಥಿಗಳಿಗೆ ಅಪಘಾತದ ಚಿತ್ರತುಣುಕುಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವೆಂದು ಕೇಳಿದರು. ಪ್ರಶ್ನೆಯಲ್ಲಿ ‘ಅಪ್ಪಳಿಸಿದಾಗ’ ಎಂದಿದ್ದರೆ ಸರಾಸರಿ ಉತ್ತರ ಗಂಟೆಗೆ 40 ಮೈಲಿಗೂ ಹೆಚ್ಚು, ‘ತಾಗಿದಾಗ’ ಎಂದಿದ್ದರೆ 31.8. ಇನ್ನೊಂದು ಪ್ರಯೋಗದಲ್ಲಿ, ವಾರದ ಬಳಿಕ, ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದಾಗ ‘ಅಪ್ಪಳಿಸಿದ’ ಗುಂಪಿನ 50 ಮಂದಿಯಲ್ಲಿ 16 ಮಂದಿ ಹೌದೆಂದರು. ವೇಗದ ಪ್ರಶ್ನೆಯನ್ನೇ ಎದುರಿಸದ 50 ಮಂದಿಯಲ್ಲಿ ಹಾಗೆಂದವರು 6. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಕಣ್ಣಿನಿಂದ ಬಂದ ಮಾಹಿತಿಯೂ ಪ್ರಶ್ನೆಯಿಂದ ಬಂದ ಮಾಹಿತಿಯೂ ಬೆರೆತು ಒಂದೇ ನೆನಪಾಗಿಬಿಡುತ್ತವೆ ಎಂಬುದು ಸಂಶೋಧಕರ ವಿವರಣೆಯಾಗಿತ್ತು.

ಪೊಲೀಸ್ ವಿಚಾರಣೆಗೆ ಗುರಿಯಾಗಿ, ಔಷಧದ ಮಂಪರಿನಲ್ಲಿರುವ ವ್ಯಕ್ತಿಯಲ್ಲಿ ಈ ಬೆರಕೆ ಕಡಿಮೆಯಾದೀತೆಂದು ಭಾವಿಸಲು ಯಾವ ಕಾರಣವೂ ಕಾಣದು. ಆದರೂ 2000ರ ದಶಕದಲ್ಲಿ ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಔಷಧ ಬಳಸುವ ಈ ಪರೀಕ್ಷೆ ದೇಶದಲ್ಲಿ ಹಬ್ಬಿತು, ಬೆಂಗಳೂರು ಅದಕ್ಕೆ ಹೆಸರಾಯಿತು. 2010ರ ಮೇ 5ರಂದು ಸುಪ್ರೀಂ ಕೋರ್ಟ್ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಬ್ರೈನ್ ಮ್ಯಾಪಿಂಗ್ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ನಡೆಸುವುದು ಸಂವಿಧಾನದ 20(3) (ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸುವಂತಿಲ್ಲ) ಹಾಗೂ 21ನೇ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ವಿಧಿಗಳ ಉಲ್ಲಂಘನೆ ಎಂದಿತು. ಒಪ್ಪಿಗೆಯಿದ್ದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಪತ್ತೆಯಾದ ಮಾಹಿತಿ ಅಥವಾ ವಸ್ತುವನ್ನು ಪರಿಗಣಿಸಬಹುದು.

ಪ್ರತ್ಯಕ್ಷಸಾಕ್ಷಿಯನ್ನು ಠಾಣೆಯಲ್ಲಿ ಮೊದಲ ಸಲ ಯಾವ ಮಾತುಗಳಲ್ಲಿ ಪ್ರಶ್ನಿಸಲಾಯಿತು ಎಂಬುದು ಆ ತೀರ್ಪಿನ ವಿಷಯವಾಗಿರಲಿಲ್ಲ. ಲಾಫ್ಟಸ್ ಪ್ರಯೋಗದ ಬೆಳಕಿನಲ್ಲಿ ನಿಜಕ್ಕೂ ತಿಳಿಯಬೇಕಾದದ್ದು ಅದೇ. ಇಂದಿನ ಕಾನೂನು ಸಾಕ್ಷಿಯ ಹೇಳಿಕೆಯನ್ನು ದೃಶ್ಯ-ಧ್ವನಿ ಮುದ್ರಣ ಮಾಡಿಕೊಳ್ಳಲು ಅವಕಾಶ ನೀಡುತ್ತದೆಯಾದರೂ, ಎಲ್ಲ ಪ್ರಕರಣಗಳಲ್ಲೂ ಅದನ್ನು ಕಡ್ಡಾಯಗೊಳಿಸಿಲ್ಲ.