ಬಿಡುವಿದ್ದವರನ್ನು ಕಳಿಸಬೇಡಿ

ತರಬೇತಿಯ ಮೊದಲ ದಿನ ನಾನು ಎಲ್ಲರನ್ನೂ ಕೇಳುವುದು ಒಂದೇ: ‘ಯಾವ ತರಗತಿ ತಗೋತೀರಿ?’ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ನಲಿ-ಕಲಿ. ಅದರ ತರಬೇತಿಗೆ ಬಂದವರು ‘ಆರು, ಏಳಕ್ಕೆ ಸಮಾಜ ಸಾರ್’ ಅಂದರೆ ಅಲ್ಲಿಗೆ ನನ್ನ ಅರ್ಧ ಉತ್ಸಾಹ ಇಳಿದಂತೆ.

ಒಂದು ಸಲ ನಿವೃತ್ತಿಗೆ ಎರಡೇ ತಿಂಗಳಿದ್ದ ಪಿ.ಟಿ. ಮೇಷ್ಟ್ರು ಬಂದಿದ್ದರು. ‘ನಲಿ-ಕಲಿ ಟೀಚರ್ ಬಂದ್ರೆ ಮೂರು ಕ್ಲಾಸಿನ ಮಕ್ಕಳನ್ನ ಯಾರು ನೋಡ್ಕೋತಾರೆ ಅಂತ ಹೆಚ್ಚೆಮ್ಮು ನನ್ನನ್ನೇ ಕಳಿಸಿದ್ರು ಸಾರ್.’ ಪಾಪ, ಎಲ್ಲರಿಗಿಂತ ಮುತುವರ್ಜಿಯಿಂದ ಕೂತವರು ಅವರೇ. ಕಾರ್ಡುಗಳನ್ನು ಅಂಚು ಕೆಡದಂತೆ ಕತ್ತರಿಸಿದರು, ಇನ್ನೂರು ಪುಟದ ನೋಟ್‌ಬುಕ್ ತುಂಬಿಸಿದರು.

ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿದೆ. ‘ಬಂದು ಹೇಳ್ಕೊಡ್ತಾರೆ ಬಿಡಿ ಸಾರ್.’

ಹೇಳಿಕೊಡಲು ಆಗುವುದಿಲ್ಲ ಸ್ವಾಮಿ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದದ್ದೇ ಶಿಕ್ಷಕರು ಮಾಡಿ ನೋಡುತ್ತಾ. ಮಗು ಒಂದು ಕಾರ್ಡು ಮುಗಿಸಿತು. ಕಲಿಕೆಯ ಹಂತಗಳನ್ನು ತೋರಿಸುವ ಏಣಿಯಲ್ಲಿ ಮುಂದಿನ ಮೆಟ್ಟಿಲೂ ಸಿಕ್ಕಿತು. ಆದರೆ ಅದು ನಿಜಕ್ಕೂ ಕಲಿತಿದೆಯೋ, ಪಕ್ಕದವನದ್ದು ನೋಡಿ ಬರೆದಿದೆಯೋ? ಶಿಕ್ಷಕರೇ ಜೊತೆಗಿದ್ದು ಕಲಿಸುವ ಗುಂಪಿನಲ್ಲೇ (ಗುಂಪಿಗೆ ನಾವು ತಟ್ಟೆ ಅನ್ನುತ್ತೇವೆ) ಇನ್ನೊಂದು ದಿನ ಕೂರಬೇಕೋ, ತಾನೇ ಕಲಿಯುವ ತಟ್ಟೆಗೆ ಹೋಗಬಹುದೋ? ಐದು ತಟ್ಟೆಗಳ ಮೇಲೆ ಕಣ್ಣಿಟ್ಟುಕೊಂಡು ಆ ಕ್ಷಣದಲ್ಲೇ ತೀರ್ಮಾನಿಸಬೇಕು. ನೆಲದ ಮೇಲೆ ಕೂತು, ತಪ್ಪು ಮಾಡಿ, ತಿದ್ದಿಸಿಕೊಂಡೇ ಅದು ಬರಬೇಕು. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ದಾಟಿಸುವಂಥದ್ದಲ್ಲ. ತರಬೇತಿ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವಷ್ಟರಲ್ಲೇ ಎಷ್ಟೋ ಸೋರಿರುತ್ತದೆ. ನೀವು ಇನ್ನೊಂದು ಕೊಡ ಅಡ್ಡ ಇಡುತ್ತೀರಿ.

ತಪ್ಪೆಲ್ಲ ಮುಖ್ಯ ಶಿಕ್ಷಕರದ್ದು ಅನ್ನಲಾರೆ. ಆದೇಶ ಹಿಂದಿನ ಸಂಜೆ ಏಳಕ್ಕೆ ವಾಟ್ಸಾಪಿನಲ್ಲಿ ಬರುತ್ತದೆ, ‘ಶಾಲೆಗೊಬ್ಬರು’ ಅಂತ. ಇಬ್ಬರೇ ಇರುವ ಶಾಲೆಯ ಕಷ್ಟ ಬೇರೆಯೇ. 2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆ ಅಂದ ಮೇಲಂತೂ ಗಂಟೆ ಎಣಿಸುವುದೇ ಒಂದು ಕೆಲಸ. ಆದರೂ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ.ಯವರಿಗೆ ಒಂದು ಮಾತು ಹೇಳಿ ನೋಡಿ, ಪಕ್ಕದ ಶಾಲೆಯಿಂದ ಯಾರನ್ನಾದರೂ ಹೊಂದಿಸಿಕೊಡಬಹುದು. ಆಗದಿದ್ದರೆ ಎರಡನೇ ತಂಡಕ್ಕೆ ಹೆಸರು ಬರೆಸಿ. ಹಾಜರಾತಿ ಹಾಳೆಯಲ್ಲಿ ನಿಮ್ಮ ಶಾಲೆಯ ಮುಂದೆ ಖಾಲಿ ಬಿದ್ದರೂ ನನಗೆ ಬೇಸರವಿಲ್ಲ.

ಆಮೇಲೆ ಆ ಶಾಲೆಗೆ ಹೋಗಿದ್ದೆ. ಮೇಷ್ಟ್ರು ನಿವೃತ್ತರಾಗಿದ್ದರು. ಅವರ ನೋಟ್‌ಬುಕ್ಕಿಗೆ ಬೈಂಡ್ ಹಾಕಿ, ನಲಿ-ಕಲಿ ಕೋಣೆಯ ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದರು. ಟೀಚರ್ ಮೂರೂ ತರಗತಿಯವರನ್ನು ಸಾಲಾಗಿ ಕೂರಿಸಿ, ಬೋರ್ಡಿನ ಮೇಲೆ ಕಾಗುಣಿತ ಬರೆಸುತ್ತಿದ್ದರು.